ಎರಡು ಜೀವಕ್ಕೆ ಎರಡು ಊಟ ಬೇಡ: ಬಸಿರಿನಲ್ಲಿ ಆಹಾರ ಮತ್ತು ವ್ಯಾಯಾಮ

ಪ್ರಶ್ನೆ: ನನಗೆ 28 ವರ್ಷ, ಚೊಚ್ಚಲ ಬಸಿರು, ಈಗ 14ನೇ ವಾರ. ಎತ್ತರ 160 ಸೆಂ.ಮೀ., ಬಸಿರಿಗೆ ಮುಂಚೆ ತೂಕ 58 ಕೆ.ಜಿ. ಇತ್ತು. ಇಷ್ಟು ದಿನ ವಾಂತಿಯ ಕಾಟದಲ್ಲಿ ತೂಕ ಏರಲೇ ಇಲ್ಲ. ದಿನವಿಡೀ ಕುಳಿತು ಮಾಡುವ ಕೆಲಸ, ವ್ಯಾಯಾಮದ ರೂಢಿಯಿಲ್ಲ. ಮೀನು, ಮಾಂಸ ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತೇನೆ. 12ನೇ ವಾರದಲ್ಲಿ ಹಿಮೋಗ್ಲೋಬಿನ್ 10.4 ಬಂತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಮರೆಯದ ಹಾಗೆ ಬೆಳಿಗ್ಗೆ ಕಾಫಿಯ ಜೊತೆಗೇ ನುಂಗುತ್ತೇನೆ. ಅಮ್ಮ "ಎರಡು ಜೀವಕ್ಕೆ ತಿನ್ನು, ಬಗ್ಗಬೇಡ, ಕೈ ಮೇಲೆತ್ತಬೇಡ" ಅನ್ನುತ್ತಾರೆ. ಗೆಳತಿ "ಇವತ್ತೇ ವ್ಯಾಯಾಮ ಶುರು ಮಾಡು" ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಆ ಬೆಳಗಿನ ಕಾಫಿಯ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ನಾಳೆಯೇ ಸರಿಪಡಿಸಬಹುದಾದದ್ದು ಅದು.

ಕಾಫಿ ಮತ್ತು ಚಹಾದಲ್ಲಿರುವ ಪಾಲಿಫಿನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ತಡೆಯುತ್ತವೆ. ಕ್ಯಾಲ್ಸಿಯಂ ಕೂಡ ಕಬ್ಬಿಣದ ಹೀರಿಕೆಗೆ ಅಡ್ಡಿ. ನೀವು ಕಬ್ಬಿಣದ ಮಾತ್ರೆಯನ್ನು ಅದರ ಇಬ್ಬರು ಶತ್ರುಗಳ ಜೊತೆಗೇ ಕಳಿಸುತ್ತಿದ್ದೀರಿ. ಕಾಫಿಗೆ ಹಾಲು ಬೆರೆಸುತ್ತಿದ್ದರೆ ಕ್ಯಾಲ್ಸಿಯಂ ಮತ್ತಷ್ಟು. ಹೀಗೆ ಮಾಡಿ: ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ ಅಥವಾ ನಿಂಬೆರಸ, ಕಿತ್ತಳೆಯಂಥ ಹುಳಿ ಹಣ್ಣಿನ ಜೊತೆ ತೆಗೆದುಕೊಳ್ಳಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಅದಾದ ಮೇಲೆ ಕಾಫಿ, ಚಹಾಕ್ಕೆ ಕನಿಷ್ಠ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನ ಅಥವಾ ರಾತ್ರಿ ಊಟದ ಜೊತೆ ಇರಲಿ, ಎರಡರ ನಡುವೆ ಎರಡು ಗಂಟೆಗೂ ಹೆಚ್ಚು ಅಂತರ ಇರಲಿ. ಕ್ಯಾಲ್ಸಿಯಂ ಒಮ್ಮೆಗೆ 500 ಮಿ.ಗ್ರಾಂ.ಗಿಂತ ಹೆಚ್ಚು ತೆಗೆದುಕೊಂಡರೆ ಹೀರಿಕೆಯ ಪ್ರಮಾಣ ಇಳಿಯುತ್ತದೆ. ಹಾಗಾಗಿ 1000 ಮಿ.ಗ್ರಾಂ. ಹೇಳಿದ್ದರೆ ಎರಡು ಹೊತ್ತಿಗೆ ಹಂಚಿಕೊಳ್ಳಿ.

ಮಾತ್ರೆಯ ಪಟ್ಟಿಯ ಮೇಲಿನ ಅಂಕಿಯನ್ನೂ ಒಮ್ಮೆ ಓದಿ. ಮಾತ್ರೆಯಲ್ಲಿರುವ ಕಬ್ಬಿಣದ ಲವಣದ ತೂಕ ಬೇರೆ, ಅದರೊಳಗಿನ ಶುದ್ಧ ಕಬ್ಬಿಣದ ತೂಕ ಬೇರೆ. ಫೆರಸ್ ಫ್ಯೂಮರೇಟ್ 100 ಮಿ.ಗ್ರಾಂ. ಎಂದಿದ್ದರೆ ಅದರಲ್ಲಿ ಕಬ್ಬಿಣ ಸುಮಾರು 33 ಮಿ.ಗ್ರಾಂ. ಮಾತ್ರ; ಫೆರಸ್ ಗ್ಲುಕೊನೇಟ್‌ನಲ್ಲಿ ನೂರಕ್ಕೆ ಸುಮಾರು 12. ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಹೇಳುವ ದಿನಕ್ಕೆ 30ರಿಂದ 60 ಮಿ.ಗ್ರಾಂ. ಎಂಬ ಲೆಕ್ಕ ಈ ಶುದ್ಧ ಕಬ್ಬಿಣದ್ದು. ಮೊದಲ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಹಾಗಾಗಿ ನಿಮ್ಮ 10.4 ಸೌಮ್ಯ ರಕ್ತಹೀನತೆ. ಹೆದರುವಂಥದ್ದಲ್ಲ, ಆದರೆ ಉದಾಸೀನ ಮಾಡುವಂಥದ್ದೂ ಅಲ್ಲ, ಏಕೆಂದರೆ ಮುಂದೆ ರಕ್ತದ ನೀರಿನಂಶ ಕೆಂಪು ಕಣಗಳಿಗಿಂತ ಬೇಗ ಹೆಚ್ಚಿ ಅಂಕಿ ಇನ್ನಷ್ಟು ಇಳಿಯುತ್ತದೆ. ಮಾತ್ರೆಯ ಸಮಯ ಬದಲಿಸಿ 3–4 ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಕನಿಷ್ಠ 1 ಗ್ರಾಂ ಏರಿರಬೇಕು. ಏರದಿದ್ದರೆ ಅದೇ ಮಾತ್ರೆಯನ್ನು ಸುಮ್ಮನೆ ಮುಂದುವರಿಸಬೇಡಿ. ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12, ಥಲಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕತೆ ಇವುಗಳನ್ನು ನೋಡಬೇಕಾಗುತ್ತದೆ. ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಬರಿದಾಗಿದೆ ಎಂದರ್ಥ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಿ, ಅಥವಾ ದಿನ ಬಿಟ್ಟು ದಿನ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ದೊಡ್ಡ ಪ್ರಮಾಣದ ಕಬ್ಬಿಣ ಒಳಹೋದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ. ದಿನ ಬಿಟ್ಟು ದಿನ ಕೊಡುವ ಪದ್ಧತಿಯ ಹಿಂದಿನ ತರ್ಕ ಇದೇ.

ಇನ್ನು ಅಮ್ಮನ ಮಾತು. "ಎರಡು ಜೀವಕ್ಕೆ ತಿನ್ನು" ಎಂಬುದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದು ಎಂದು ತಿಳಿದರೆ ತಟ್ಟೆ ಸರಿಯಾಗುತ್ತದೆ. ಮೊದಲ ಮೂರು ತಿಂಗಳು ಹೆಚ್ಚುವರಿ ಕ್ಯಾಲೊರಿ ಬೇಕಾಗುವುದೇ ಇಲ್ಲ ಎನ್ನಬಹುದು. ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 340, ಕೊನೆಯ ಮೂರು ತಿಂಗಳಲ್ಲಿ ಸುಮಾರು 450 ಕ್ಯಾಲೊರಿ ಹೆಚ್ಚು ಬೇಕು. 340 ಅಂದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ. ಅಷ್ಟೇ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು ಆರನೇ ಒಂದು ಭಾಗ. ಆದರೆ ಅದೇ ಹೊತ್ತಿನಲ್ಲಿ ಕಬ್ಬಿಣದ ಅಗತ್ಯ 18ರಿಂದ 27 ಮಿ.ಗ್ರಾಂ.ಗೆ, ಫೋಲೇಟ್ 400ರಿಂದ 600 ಮೈಕ್ರೊಗ್ರಾಂಗೆ, ಅಯೋಡಿನ್ 150ರಿಂದ 220 ಮೈಕ್ರೊಗ್ರಾಂಗೆ ಜಿಗಿಯುತ್ತದೆ, ಅಂದರೆ ಸರಿಸುಮಾರು ಒಂದೂವರೆ ಪಟ್ಟು. ಊಟದ ಗಾತ್ರ ಸ್ವಲ್ಪವೇ ಹೆಚ್ಚಬೇಕು, ಸತ್ವ ಬಹಳ ಹೆಚ್ಚಬೇಕು. ಒಂದು ಹಿಡಿ ಅನ್ನ ಜಾಸ್ತಿ ಬಡಿಸಿದರೆ ಕ್ಯಾಲೊರಿ ತುಂಬುತ್ತದೆ, ಕಬ್ಬಿಣ ತುಂಬುವುದಿಲ್ಲ. ಸ್ವಾರಸ್ಯವೆಂದರೆ ಕ್ಯಾಲ್ಸಿಯಂ ಅಗತ್ಯ ಬಸಿರಿನಲ್ಲಿ ಏರುವುದೇ ಇಲ್ಲ, ಮೊದಲಿನಂತೆ 1000 ಮಿ.ಗ್ರಾಂ. ಸಾಕು, ಏಕೆಂದರೆ ಕರುಳು ತಾನಾಗಿಯೇ ಸುಮಾರು ಎರಡು ಪಟ್ಟು ಹೀರಿಕೊಳ್ಳತೊಡಗುತ್ತದೆ. ಮುಂಚಿನಿಂದಲೂ ಹಾಲು, ಮೊಸರು ಬಹಳ ಕಡಿಮೆ ಇದ್ದವರಿಗೆ ಮಾತ್ರೆಯಿಂದ ನಿಜವಾದ ಲಾಭವಿದೆ. ರಕ್ತದೊತ್ತಡ ಏರುವ ಪ್ರೀಎಕ್ಲಾಂಪ್ಸಿಯಾದ ಅಪಾಯ ಅವರಲ್ಲಿ ಕಡಿಮೆಯಾಗುತ್ತದೆ.

ತೂಕದ ಲೆಕ್ಕ: ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, 22.7. 18.5ರಿಂದ 24.9ರ ನಡುವೆ ಇರುವವರಿಗೆ ಇಡೀ ಬಸಿರಿನಲ್ಲಿ 11.5ರಿಂದ 16 ಕೆ.ಜಿ. ಏರಿಕೆ ಸರಿಯಾದದ್ದು. 18.5ಕ್ಕಿಂತ ಕಡಿಮೆ ಇರುವವರಿಗೆ 12.5–18, 25ರಿಂದ 29.9 ಇರುವವರಿಗೆ 7–11.5, 30 ದಾಟಿದವರಿಗೆ 5–9 ಕೆ.ಜಿ. ಇವು ಒಂದೇ ಮಗುವಿನ ಬಸಿರಿನ ಅಂಕಿಗಳು, ಅವಳಿಯಾದರೆ ಬೇರೆ. ಇಲ್ಲಿಯವರೆಗೆ ತೂಕ ಏರಲಿಲ್ಲವೆಂದು ನೀವು ಚಿಂತಿಸಬೇಕಾಗಿಲ್ಲ. ಮೊದಲ ಮೂರು ತಿಂಗಳಲ್ಲಿ ನಿರೀಕ್ಷೆಯೇ ಅರ್ಧದಿಂದ 2 ಕೆ.ಜಿ. ಉಳಿದ 26 ವಾರಗಳಲ್ಲಿ ವಾರಕ್ಕೆ 450 ಗ್ರಾಂನಂತೆ ಏರಿದರೂ 11.7 ಕೆ.ಜಿ. ಆಗುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ತೂಕದ ಯಂತ್ರದಲ್ಲಿ ನೋಡಿ ಬರೆದಿಡಿ. ದಿನಾ ನೋಡಿದರೆ ನೀರಿನ ಏರಿಳಿತ ಕಾಣುತ್ತದೆಯೇ ಹೊರತು ಬೇರೇನೂ ಅಲ್ಲ. ಒಂದೇ ವಾರದಲ್ಲಿ ಒಂದು ಕೆ.ಜಿ.ಗಿಂತ ಹೆಚ್ಚು ಏರಿ, ಜೊತೆಗೆ ಮುಖ, ಕೈ ಊದಿಕೊಂಡರೆ ಅದು ಊಟದ ಏರಿಕೆಯಲ್ಲ. ಅಂದೇ ರಕ್ತದೊತ್ತಡ ನೋಡಿಸಿ.

ಈ ತೂಕವೆಲ್ಲ ಕೊಬ್ಬು ಎಂದು ಕೊರಗುವವರೂ ಇದ್ದಾರೆ. ಮಗು ಸುಮಾರು 3.3 ಕೆ.ಜಿ., ಮಾಸು ಮುಕ್ಕಾಲು ಕೆ.ಜಿ.ಯ ಹತ್ತಿರ, ಗರ್ಭನೀರು 800 ಗ್ರಾಂ, ಗರ್ಭಕೋಶ ಒಂದು ಕೆ.ಜಿ., ಹೆಚ್ಚಿದ ರಕ್ತ ಒಂದೂಕಾಲು ಕೆ.ಜಿ., ಮೈಯಲ್ಲಿ ನಿಲ್ಲುವ ನೀರು ಒಂದೂವರೆ ಕೆ.ಜಿ. ಉಳಿದದ್ದು ಸ್ತನದ ಬೆಳವಣಿಗೆ ಮತ್ತು ಹಾಲೂಡಿಸುವ ತಿಂಗಳುಗಳಿಗೆ ದೇಹ ಕೂಡಿಡುವ ಕೊಬ್ಬು. ಬಸಿರಿನಲ್ಲಿ ತೂಕ ಇಳಿಸುವ ಪಥ್ಯ ಯಾರಿಗೂ ಬೇಡ, ಬಿಎಂಐ 30 ದಾಟಿದವರಿಗೂ.

ನಿಮ್ಮ ತಟ್ಟೆಯಲ್ಲಿ ಗಮನ ಕೊಡಬೇಕಾದದ್ದು ಪ್ರೋಟೀನ್. ಬಸಿರಿನಲ್ಲಿ ಕೆ.ಜಿ. ತೂಕಕ್ಕೆ 1.1 ಗ್ರಾಂ ಲೆಕ್ಕ, ನಿಮಗೆ ದಿನಕ್ಕೆ ಸುಮಾರು 64 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲು ಅಥವಾ ಅಷ್ಟೇ ಹಾಲಿನ ಮೊಸರಿನಲ್ಲಿ 16, ಬೇಯಿಸಿದ ಬೇಳೆ ಇಲ್ಲವೇ ಕಾಳು ಒಂದು ತುಂಬಿದ ಬಟ್ಟಲಿನಲ್ಲಿ (200 ಗ್ರಾಂ) 18ರ ಸುಮಾರು, 30 ಗ್ರಾಂ ಕಡಲೆಕಾಯಿ ಬೀಜದಲ್ಲಿ 7. ಇಷ್ಟರಲ್ಲಿ 53 ಆಯಿತು, ಉಳಿದದ್ದು ದಿನದ ಧಾನ್ಯದಲ್ಲಿ ಸಿಗುತ್ತದೆ. ತಪ್ಪುವುದು ಎಲ್ಲಿ ಅಂದರೆ ಬೇಳೆಯ ನೀರನ್ನು ಬೇಳೆ ಎಂದು ಎಣಿಸುವುದರಲ್ಲಿ. ಚಮಚ ಅದ್ದಿದರೆ ಗಟ್ಟಿ ಬೇಳೆ ಮೇಲೆ ಬರಬೇಕು. ಬಿ12 ದಿನಕ್ಕೆ 2.6 ಮೈಕ್ರೊಗ್ರಾಂ ಬೇಕು, ಎರಡು ಲೋಟ ಹಾಲು ಮತ್ತು ಎರಡು ಮೊಟ್ಟೆಯಲ್ಲಿ ಅದು ಸಿಕ್ಕುತ್ತದೆ. ಹಾಲು, ಮೊಟ್ಟೆ ಎರಡೂ ಬಿಟ್ಟವರಿಗೆ ಬಿ12 ಮಾತ್ರೆ ಬೇಕೇ ಬೇಕು. ಫೋಲಿಕ್ ಆಮ್ಲ ಒಂದನ್ನೇ ತಿನ್ನುತ್ತಿದ್ದರೆ ಬಿ12 ಕೊರತೆಯ ರಕ್ತಹೀನತೆ ಮುಚ್ಚಿಹೋಗಿ, ನರಗಳಿಗಾಗುವ ಹಾನಿ ಒಳಗೊಳಗೇ ಮುಂದುವರಿಯಬಹುದು. ಮೊಟ್ಟೆಯ ಹಳದಿಯನ್ನು ಎಸೆಯಬೇಡಿ. ಮಗುವಿನ ಮಿದುಳಿಗೆ ಬೇಕಾದ ಕೋಲೀನ್ ಇರುವುದು ಅದರಲ್ಲೇ; ದಿನಕ್ಕೆ ಬೇಕಾದ 450 ಮಿ.ಗ್ರಾಂ.ನಲ್ಲಿ ಸುಮಾರು ಮೂರನೇ ಒಂದು ಭಾಗ ಒಂದು ಮೊಟ್ಟೆಯಿಂದ ಬರುತ್ತದೆ. ಮೀನು ತಿನ್ನದಿರುವುದರಿಂದ ಡಿಎಚ್‌ಎ ಕೊಬ್ಬಿಗೆ ಪಾಚಿಯಿಂದ ತೆಗೆದ ಮಾತ್ರೆ ಸಿಗುತ್ತದೆ, ದಿನಕ್ಕೆ 200 ಮಿ.ಗ್ರಾಂ. ಸಾಕು. ಉಪ್ಪು ಅಯೋಡಿನ್ ಬೆರೆಸಿದ್ದೇ ಇರಲಿ. ಸೊಪ್ಪಿನ ಪಲ್ಯಕ್ಕೆ ಇಳಿಸುವಾಗ ನಿಂಬೆ ಹಿಂಡಿದರೆ ಸಸ್ಯದ ಕಬ್ಬಿಣಕ್ಕೂ ಲಾಭ.

ಫೋಲಿಕ್ ಆಮ್ಲದ ಮುಖ್ಯ ಕೆಲಸ ನಿಮ್ಮಲ್ಲಿ ಈಗಾಗಲೇ ಮುಗಿದಿದೆ. ಮಗುವಿನ ಬೆನ್ನುಹುರಿಯಾಗುವ ನರನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಎಷ್ಟೋ ಜನರಿಗೆ ಬಸಿರೆಂದು ಗೊತ್ತಾಗುವ ಹೊತ್ತಿಗೇ. ಅದಕ್ಕೇ 400 ಮೈಕ್ರೊಗ್ರಾಂ ಮಾತ್ರೆಯನ್ನು ಗರ್ಭ ನಿಲ್ಲುವ ಮುಂಚೆಯೇ ಶುರು ಮಾಡಿ ಎನ್ನುವುದು. ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ ಪ್ರಮಾಣ ಹತ್ತು ಪಟ್ಟು ಹೆಚ್ಚು. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ 4 ಮಿ.ಗ್ರಾಂ. ಫೋಲಿಕ್ ಆಮ್ಲ ಇಂಥವರಲ್ಲಿ ದೋಷ ಮರುಕಳಿಸುವುದನ್ನು ನೂರಕ್ಕೆ 72ರಷ್ಟು ತಗ್ಗಿಸಿತು. ನೀವು ಈಗ ಕಬ್ಬಿಣದ ಮಾತ್ರೆಯಲ್ಲೇ ಬೆರೆತಿರುವ ಫೋಲಿಕ್ ಆಮ್ಲವನ್ನು ರಕ್ತಕ್ಕಾಗಿ ಮುಂದುವರಿಸಿ.

ಬಿಡಬೇಕಾದವು ಕೆಲವೇ. ಮದ್ಯ ಪೂರ್ತಿ ಬೇಡ. ಕೆಫೀನ್ ದಿನಕ್ಕೆ 200 ಮಿ.ಗ್ರಾಂ. ಒಳಗಿರಲಿ. 240 ಮಿ.ಲೀ. ಸೋಸಿದ ಕಾಫಿಯಲ್ಲಿ ಸುಮಾರು 95, ಚಹಾದಲ್ಲಿ ಅದರ ಅರ್ಧದಷ್ಟಿರುತ್ತದೆ. ಹಸಿ ಹಾಲು, ಹಸಿ ಹಾಲಿನ ಮೆದು ಚೀಸ್, ಅರೆಬೆಂದ ಮೊಟ್ಟೆ ಮತ್ತು ಮಾಂಸ, ಮೊಳಕೆ ಬರಿಸಿದ ಹಸಿ ಕಾಳು ಬೇಡ. ಮೊಳಕೆ ಕಾಳನ್ನು ಬೇಯಿಸಿ ತಿನ್ನಬಹುದು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರ ಬಂದು ಹೋದರೂ ಮಗುವಿಗೆ ಅದು ಮಾರಕವಾಗಬಲ್ಲದು. ಫ್ರಿಜ್ಜಿನಲ್ಲಿಟ್ಟ ಉಳಿಕೆ ಅಡುಗೆಯನ್ನು ಹಬೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಿ. ಮಾಂಸ ತಿನ್ನುವ ಓದುಗರು ಪಿತ್ತಜನಕಾಂಗವನ್ನು ಬಿಡಬೇಕು. ಅದರಲ್ಲಿ ವಿಟಮಿನ್ ಎ ಅತಿಯಾಗಿದ್ದು ಮಗುವಿನ ಅಂಗರಚನೆಗೆ ತೊಂದರೆ ಕೊಡಬಲ್ಲದು. ಮೀನು ತಿನ್ನುವವರು ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳನ್ನು ಪಾದರಸದ ಕಾರಣಕ್ಕೆ ಬಿಟ್ಟು, ಸಣ್ಣ ಮೀನನ್ನು ವಾರಕ್ಕೆ ಎರಡು ಮೂರು ಸಲ ತಿನ್ನಬಹುದು.

ವ್ಯಾಯಾಮಕ್ಕೆ ಬರೋಣ. ಗೆಳತಿ ಹೇಳಿದ್ದು ಸರಿ, ಆದರೆ ಶುರು ಮಾಡುವ ಮುನ್ನ ಒಂದು ಬಾಗಿಲು ದಾಟಬೇಕು. ರಕ್ತಸ್ರಾವ ನಿಲ್ಲದಿರುವುದು, 26 ವಾರದ ನಂತರವೂ ಗರ್ಭದ್ವಾರಕ್ಕೆ ಅಡ್ಡ ಕುಳಿತ ಮಾಸು, ಗರ್ಭದ್ವಾರ ಸಡಿಲವಾಗಿ ಹೊಲಿಗೆ ಹಾಕಿರುವುದು, ನೀರು ಹೋಗಿರುವುದು, ಪ್ರೀಎಕ್ಲಾಂಪ್ಸಿಯಾ, ಗಂಭೀರ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ, ತೀವ್ರ ರಕ್ತಹೀನತೆ, ಅವಧಿಗೆ ಮುನ್ನ ಹೆರಿಗೆಯ ಸೂಚನೆ: ಇವುಗಳಲ್ಲಿ ಒಂದಿದ್ದರೂ ವೈದ್ಯರು ಹೇಳುವವರೆಗೆ ವ್ಯಾಯಾಮ ಇಲ್ಲ. ನಿಮ್ಮ 10.4 ಈ ಪಟ್ಟಿಗೆ ಸೇರುವುದಿಲ್ಲ, ಆದರೂ ಮುಂದಿನ ತಪಾಸಣೆಯಲ್ಲಿ "ನಾನು ನಡಿಗೆ ಮತ್ತು ಸ್ನಾಯುಬಲದ ವ್ಯಾಯಾಮ ಶುರು ಮಾಡಬಹುದೇ?" ಎಂದು ನೇರವಾಗಿ ಕೇಳಿ ಒಪ್ಪಿಗೆ ಪಡೆಯಿರಿ.

ಇವ್ಯಾವುವೂ ಇಲ್ಲದವರಿಗೆ ಗುರಿ ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ. ರೂಢಿಯಿಲ್ಲದ ನೀವು 15 ನಿಮಿಷದ ಚುರುಕು ನಡಿಗೆಯಿಂದ, ವಾರಕ್ಕೆ ಮೂರು ದಿನ ಶುರು ಮಾಡಿ. ಪ್ರತಿ ವಾರ ಐದು ನಿಮಿಷ ಅಥವಾ ಒಂದು ದಿನ ಸೇರಿಸುತ್ತಾ 18–19ನೇ ವಾರದ ಹೊತ್ತಿಗೆ 30 ನಿಮಿಷ, ಐದು ದಿನಕ್ಕೆ ಬನ್ನಿ. ಶ್ರಮ ಅಳೆಯಲು ನಾಡಿಯನ್ನು ನಂಬಬೇಡಿ. ಬಸಿರಿನಲ್ಲಿ ಸುಮ್ಮನೆ ಕೂತಾಗಲೇ ನಾಡಿ ನಿಮಿಷಕ್ಕೆ 10–20 ಬಡಿತ ಹೆಚ್ಚಿರುತ್ತದೆ, ಹಾಗಾಗಿ ಗಡಿಯಾರದ ಪಟ್ಟಿ ತೋರಿಸುವ ವಲಯಗಳು ದಾರಿ ತಪ್ಪಿಸುತ್ತವೆ. ಮಾತೇ ಅಳತೆಗೋಲು: ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಪದಕ್ಕೊಮ್ಮೆ ಉಸಿರು ಎಳೆಯುವಂತಾದರೆ ವೇಗ ಇಳಿಸಿ. ರಕ್ತಹೀನತೆ ಇರುವುದರಿಂದ ನಿಮಗೆ ಏದುಸಿರು ಬೇಗ ಬರಬಹುದು. ಅದು ಸೋಮಾರಿತನವಲ್ಲ, ಕಬ್ಬಿಣ ಏರಿದಂತೆ ಅದೂ ಇಳಿಯುತ್ತದೆ. ಈಜು, ನಿಂತ ಸೈಕಲ್ ಕೂಡ ಒಳ್ಳೆಯದೇ. ಹೊಟ್ಟೆಗೆ ಪೆಟ್ಟು ಬೀಳುವ ಆಟ, ಜಾರಿ ಬೀಳುವ ಸಾಧ್ಯತೆಯ ಕಸರತ್ತು, ಬಿಸಿ ಕೋಣೆಯ ಯೋಗ, ಸ್ಕೂಬಾ ಮುಳುಗು ಬೇಡ.

ನಡಿಗೆಗಿಂತ ಹೆಚ್ಚು ಕಡೆಗಣಿಸಲ್ಪಡುವುದು ಸ್ನಾಯುಬಲ. ಹೊಟ್ಟೆ ಮುಂದಕ್ಕೆ ಬಂದಂತೆ ದೇಹದ ಭಾರದ ಕೇಂದ್ರ ಸರಿದು ಸೊಂಟದ ಬಾಗು ಹೆಚ್ಚುತ್ತದೆ, ಕೀಲುಗಳ ಕಟ್ಟು ಸಡಿಲವಾಗುತ್ತದೆ. ಆ ಹೊರೆ ಹೊರಬೇಕಾದವು ಪೃಷ್ಠ, ತೊಡೆ, ಬೆನ್ನಿನ ಸ್ನಾಯುಗಳು. ವಾರಕ್ಕೆ ಎರಡು ದಿನ ಇಷ್ಟು ಸಾಕು: ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ನಿಧಾನಕ್ಕೆ ಕೂರುವುದು 10 ಸಲ, ಗೋಡೆಗೆ ಕೈಯಿಟ್ಟು ದಂಡ 10 ಸಲ, ಮಂಡಿ, ಅಂಗೈ ಊರಿ ಎದುರುಬದುರಿನ ಕೈ ಮತ್ತು ಕಾಲು ಚಾಚಿ ಐದು ಎಣಿಸುವವರೆಗೆ ನಿಲ್ಲುವುದು, ಎರಡೂ ಬದಿ 6 ಸಲ, ಪಕ್ಕಕ್ಕೆ ಮಲಗಿ ಮೇಲಿನ ಕಾಲೆತ್ತುವುದು 10 ಸಲ, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು 15 ಸಲ. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸುತ್ತು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆಯಿರಿ. ಉಸಿರು ಕಟ್ಟಿ ಬಿಗಿಹಿಡಿದರೆ ಹೊಟ್ಟೆಯೊಳಗಿನ ಒತ್ತಡ ಶ್ರೋಣಿಯ ತಳಕ್ಕೆ, ಅಂದರೆ ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತ ಸ್ನಾಯುಗಳಿಗೆ, ಬೀಳುತ್ತದೆ, ರಕ್ತದೊತ್ತಡವೂ ಏರುತ್ತದೆ. ಯಾವುದೇ ಭಂಗಿಯಲ್ಲಿ ಹೊಟ್ಟೆಯ ನಡುಗೆರೆ ದಿಬ್ಬದಂತೆ ಉಬ್ಬಿದರೆ ಆ ಭಂಗಿ ಬಿಡಿ. ಹೊಟ್ಟೆಯ ಎರಡು ಸ್ನಾಯುಪಟ್ಟಿಗಳನ್ನು ಜೋಡಿಸುವ ನಡುವಿನ ಅಂಗಾಂಶ ಹಿಗ್ಗುತ್ತಿದೆ ಎಂದರ್ಥ. ಒಂಟಿಕಾಲಲ್ಲಿ ನಿಂತಾಗ, ಮೆಟ್ಟಿಲು ಹತ್ತುವಾಗ ಜಘನದ ಮೂಳೆಯ ಮುಂಭಾಗದಲ್ಲಿ ಚುಚ್ಚಿದಂತಾದರೆ ಹೆಜ್ಜೆ ಚಿಕ್ಕದು ಮಾಡಿ, ಕೂತು ಉಡುಪು ತೊಡಿ, ಮಗ್ಗಲು ಬದಲಿಸುವಾಗ ಎರಡೂ ಮಂಡಿ ಜೋಡಿಸಿ ತಿರುಗಿ.

20ನೇ ವಾರದ ನಂತರ ಅಂಗಾತ ಮಲಗಿ ಮಾಡುವ ವ್ಯಾಯಾಮ ಬಿಡಿ. ಭಾರವಾದ ಗರ್ಭಕೋಶ ಹೃದಯಕ್ಕೆ ಮರಳುವ ದೊಡ್ಡ ರಕ್ತನಾಳವನ್ನು ಅದುಮಿ ತಲೆ ಸುತ್ತಿಸಬಹುದು. ಅಲುಗದೆ ನಿಂತೇ ಇರುವುದೂ ಅಷ್ಟೇ ಕೆಟ್ಟದ್ದು, ರಕ್ತ ಕಾಲಲ್ಲೇ ನಿಲ್ಲುತ್ತದೆ. ಕುಳಿತ ಕೆಲಸದಲ್ಲಿ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ನಾಲ್ಕೈದು ಪಟ್ಟು ಹೆಚ್ಚು.

ಶ್ರೋಣಿಯ ತಳದ ಸ್ನಾಯುಗಳ ವ್ಯಾಯಾಮವನ್ನು ಇಂದೇ ಶುರು ಮಾಡಿ. ಗಾಳಿ ಹೋಗದಂತೆ, ಮೂತ್ರ ಜಾರದಂತೆ ಒಟ್ಟಿಗೆ ತಡೆಹಿಡಿಯುವಾಗ ಒಳಗೆ ಮೇಲಕ್ಕೆಳೆದಂತೆ ಆಗುತ್ತದಲ್ಲ, ಅದೇ. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 8–10 ಸಲ, ದಿನಕ್ಕೆ ಮೂರು ಹೊತ್ತು. ವಾರಗಳು ಕಳೆದಂತೆ ಹತ್ತು ಎಣಿಕೆಗೆ ಏರಿಸಿ. ಪೃಷ್ಠ ಬಿಗಿದರೆ, ಉಸಿರು ಹಿಡಿದರೆ, ಕೆಳಕ್ಕೆ ಮುಕ್ಕಿದರೆ ಆ ಎಣಿಕೆ ಲೆಕ್ಕಕ್ಕಿಲ್ಲ. ಮೂತ್ರ ಹೋಗುತ್ತಿರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಸಡಿಲ ಬಿಡುವುದೂ ಅರ್ಧ ಪಾಠ; ಹೆರಿಗೆಯಲ್ಲಿ ಬೇಕಾಗುವುದು ಅದೇ.

ಅಮ್ಮನ ಉಳಿದ ಎರಡು ಮಾತುಗಳ ಬಗ್ಗೆ: ಕೈ ಮೇಲೆತ್ತಿದರೆ ಹೊಕ್ಕುಳಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುವುದಿಲ್ಲ. ಬಳ್ಳಿ ಸುತ್ತುವುದು ಮಗುವಿನ ಸ್ವಂತ ಹೊರಳಾಟದಿಂದ. ಸುಮಾರು ನಾಲ್ಕು ಹೆರಿಗೆಗೆ ಒಂದರಲ್ಲಿ ಅದು ಕಾಣುತ್ತದೆ, ಹೆಚ್ಚಿನವು ಏನೂ ಆಗದೆ ಬಿಚ್ಚಿಕೊಳ್ಳುತ್ತವೆ. ಬಗ್ಗುವುದೂ ತಪ್ಪಲ್ಲ, ಸೊಂಟದ ಬದಲು ಮಂಡಿ ಮಡಿಸಿ ಕುಕ್ಕರಿಸಿ ಬಗ್ಗಿ.

ನಡೆಯುವಾಗ ಯಾವಾಗಲಾದರೂ ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಕ್ರಮವಾಗಿ ಬಿಗಿದು ನೋಯತೊಡಗಿದರೆ, ಎದೆನೋವು, ತೀವ್ರ ತಲೆನೋವು, ಕಣ್ಣು ಕತ್ತಲಿಡುವುದು, ನಡೆಯುವ ಮುಂಚೆಯೇ ಉಬ್ಬಸ, ಒಂದೇ ಮೀನಖಂಡದಲ್ಲಿ ಊತ ನೋವು ಬಂದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಹೊಟ್ಟೆ ಆಗೊಮ್ಮೆ ಈಗೊಮ್ಮೆ ನೋವಿಲ್ಲದೆ ಬಿಗಿದು ಸಡಿಲವಾದರೆ ನೀರು ಕುಡಿದು ಕೂತುಕೊಳ್ಳಿ, ಸಾಮಾನ್ಯವಾಗಿ ಅದು ತಾನೇ ನಿಲ್ಲುತ್ತದೆ.

ವಾಂತಿ ಇನ್ನೂ ಉಳಿದಿದ್ದರೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ನೀರನ್ನು ಊಟದ ಜೊತೆಯಲ್ಲಲ್ಲದೆ ಊಟಗಳ ನಡುವೆ ಕುಡಿಯಿರಿ. ಮೊದಲಿನ ತೂಕದಲ್ಲಿ ನೂರಕ್ಕೆ ಐದರಷ್ಟು, ನಿಮಗಾದರೆ ಮೂರು ಕೆ.ಜಿ., ಇಳಿದರೆ ಮನೆಮದ್ದು ನೆಚ್ಚಬೇಡಿ.

24ರಿಂದ 28ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿ.ಗ್ರಾಂ. ಈ ಮೂರರಲ್ಲಿ ಯಾವುದೇ ಒಂದನ್ನು ಮುಟ್ಟಿದರೂ ಗರ್ಭಾವಸ್ಥೆಯ ಮಧುಮೇಹ ಎಂದು ಲೆಕ್ಕ. ಊಟದ ನಂತರದ 10–15 ನಿಮಿಷದ ನಡಿಗೆ ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತದೆ, ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಆದರೆ ಪರೀಕ್ಷೆಗೆ ಮುಂಚಿನ ಮೂರು ದಿನ ಅನ್ನ, ಹಣ್ಣು ಕಡಿತ ಮಾಡಬೇಡಿ, ಮತ್ತು ಗ್ಲೂಕೋಸ್ ಕುಡಿದ ಮೇಲೆ ಆಸ್ಪತ್ರೆಯ ಪಡಸಾಲೆಯಲ್ಲಿ ನಡೆದಾಡದೆ ಎರಡು ಗಂಟೆಯೂ ಕೂತೇ ಇರಿ. ನಡೆದರೆ ಅಂಕಿ ಇಳಿದು ಕಾಯಿಲೆ ಮರೆಯಾಗಿಬಿಡುತ್ತದೆ.